ತಲೆಸ್ನಾನ, ಉಗುರು, ಕುಕ್ಕರ್ ಸೀಟಿ, ಒಗ್ಗರಣೆ: ಸೆನ್ಸರಿ ತೊಂದರೆ ಇರುವ ಮಗುವಿಗೆ ಮನೆಯಲ್ಲಿ ಏನು ಮಾಡಬಹುದು?

ಹಿತ್ತಲ_ಮಲ್ಲಿಗೆ ಕೇಳಿದ್ದು:

ಮಗನಿಗೆ ಐದೂವರೆ ವರ್ಷ, ತೂಕ 17 ಕಿಲೋ, ಯು.ಕೆ.ಜಿ. ಮಾತು, ಅಕ್ಷರ ಎಲ್ಲ ವಯಸ್ಸಿಗೆ ತಕ್ಕ ಹಾಗಿದೆ. ಕಿವಿ ಪರೀಕ್ಷೆ ಆಗಿದೆ, ತೊಂದರೆ ಇಲ್ಲ. ಮಕ್ಕಳ ಬೆಳವಣಿಗೆಯ ಡಾಕ್ಟರು ನೋಡಿ, ಆಟಿಸಂ ಅಲ್ಲ, ಸೆನ್ಸರಿ ತೊಂದರೆ (ಸದ್ದು, ಸ್ಪರ್ಶ, ಚಲನೆಯಂಥವು ಕೆಲವು ಅತಿಯಾಗಿ, ಕೆಲವು ಸಾಲದೆ ಅನಿಸುವುದು) ಇದೆ, ಓ.ಟಿ. (ಆಕ್ಯುಪೇಷನಲ್ ಥೆರಪಿ, ದಿನನಿತ್ಯದ ಕೆಲಸ ಸುಲಭವಾಗಿಸುವ ಥೆರಪಿ) ಮಾಡಿಸಿ ಎಂದಿದ್ದಾರೆ. ಓ.ಟಿ. ಸಿಗುವ ಊರು ದೂರ, ತಿಂಗಳಿಗೊಮ್ಮೆ ಹೋಗಬಹುದು ಅಷ್ಟೆ. ಉಳಿದ ದಿನ ಮನೆಯಲ್ಲೇ ನೋಡಿಕೊಳ್ಳಬೇಕು.

ತೊಂದರೆಗಳು ಇವು. ತಲೆಗೆ ನೀರು ಹಾಕಿದರೆ ಚೀರಾಟ, ಮೈಗೆ ಹಾಕಿದರೆ ಅಷ್ಟಿಲ್ಲ. ಉಗುರು ಕತ್ತರಿಸಲು ಇಬ್ಬರು ಹಿಡಿದುಕೊಳ್ಳಬೇಕು. ಕುಕ್ಕರ್ ಕೂಗಿದರೆ, ಮಿಕ್ಸಿ ಹಾಕಿದರೆ ಕಿವಿ ಮುಚ್ಚಿಕೊಂಡು ಹೊರಗೆ ಓಡುತ್ತಾನೆ. ಮೊಸರನ್ನ ತಿನ್ನುತ್ತಾನೆ, ಒಂದು ಸಾಸಿವೆ ಕಂಡರೂ ತಟ್ಟೆ ಪಕ್ಕಕ್ಕೆ. ಆದರೆ ಸೋಫಾದಿಂದ ಧುಮುಕುವುದು, ಗಿರಗಿರ ಸುತ್ತುವುದು ಎಷ್ಟಾದರೂ ಸಾಲದು.

ಎಲ್ಲಿಂದ ಶುರು ಮಾಡಲಿ? ಫ್ಯಾನಿನ ಕೊಂಡಿಗೆ ಜೋಕಾಲಿ ಕಟ್ಟಬಹುದೆ? ಆನ್‌ಲೈನಲ್ಲಿ ಬ್ರಷ್ ಮತ್ತು ಭಾರದ ಹೊದಿಕೆ ಸೇರಿಸಿ ಒಂದು ಕಿಟ್ ಮಾರುತ್ತಾರೆ, ತೆಗೆದುಕೊಳ್ಳಲೆ?

---

ಓಟಿ_ಸುಮ್ಮನೆ ಉತ್ತರ:

ಕಿಟ್ ವಿಷಯ ಬೇರೆಯವರು ಹೇಳಲಿ, ತಲೆಸ್ನಾನದಿಂದ ಶುರು ಮಾಡೋಣ. ಐದೂ ತೊಂದರೆಗೆ ಒಟ್ಟಿಗೆ ಕೈಹಾಕಬೇಡಿ. ದಿನನಿತ್ಯ ಜಗಳ ತರುವ ಒಂದನ್ನು ಹಿಡಿದು ಮೂರು ನಾಲ್ಕು ವಾರ ಅದನ್ನೇ ಮಾಡಿ.

ಮೊದಲು ಅಳು ಯಾವ ಹಂತದಲ್ಲಿ ಶುರುವಾಗುತ್ತದೆ ನೋಡಿ. ಬಚ್ಚಲಿನ ಬಾಗಿಲಲ್ಲೇ ಶುರುವಾದರೆ ಸದ್ದಿನದು: ಟೈಲ್ಸ್ ಹಾಕಿದ ಸಣ್ಣ ಕೋಣೆ, ಖಾಲಿ ಬಕೆಟ್ಟಿಗೆ ಬೀಳುವ ನೀರು, ಎಕ್ಸಾಸ್ಟ್ ಫ್ಯಾನು. ಬಟ್ಟೆ ಬಿಚ್ಚುವಾಗ ಶುರುವಾದರೆ ಚಳಿ ಮತ್ತು ಸ್ಪರ್ಶ. ನೀವು ಬರೆದ ಹಾಗೆ ಮೈಗೆ ಸರಿ, ತಲೆಗೆ ಮಾತ್ರ ಚೀರಾಟ ಎಂದರೆ, ನೀರಿಗಿಂತ ತಲೆ ಹಿಂದಕ್ಕೆ ಬಾಗುವುದೇ ಕಾರಣ ಇರಬಹುದು. ಗದ್ದ ಮೇಲೆತ್ತಿ ತಲೆ ಹಿಂದೆ ಹೋದಾಗ ಒಳಕಿವಿಯ ಸಮತೋಲದ ಅಂಗಕ್ಕೆ 'ಹಿಂದಕ್ಕೆ ಬೀಳುತ್ತಿದ್ದೇನೆ' ಎಂಬ ಸೂಚನೆ ಹೋಗುತ್ತದೆ. ಅದೇ ಹೊತ್ತಿಗೆ ಕಣ್ಣು ಮುಚ್ಚಿರುತ್ತದೆ, ಕಾಲಡಿ ಜಾರುತ್ತಿರುತ್ತದೆ. ಪತ್ತೆ ಮಾಡುವುದು ಸುಲಭ. ನೀರಿಲ್ಲದೆ, ಹಾಸಿಗೆ ಮೇಲೆ ಆಟದ ಹೊತ್ತಿನಲ್ಲಿ ಅಂಗೈ ಆಧಾರ ಕೊಟ್ಟು ತಲೆ ಹಿಂದಕ್ಕೆ ಬಾಗಿಸಿ ನೋಡಿ. ಅಲ್ಲೂ ಮೈ ಬಿಗಿ ಹಿಡಿದರೆ ಶಾಂಪೂ ಬದಲಿಸಿ ಪ್ರಯೋಜನವಿಲ್ಲ.

ಹಾಗಿದ್ದರೆ ತಲೆ ಹಿಂದಕ್ಕೆ ಬಾಗಿಸುವುದನ್ನೇ ಬಿಡಿ. ಗಟ್ಟಿಯಾದ ಸಣ್ಣ ಸ್ಟೂಲಿನ ಮೇಲೆ ಕೂರಿಸಿ, ಎರಡೂ ಪಾದ ನೆಲಕ್ಕೆ ಪೂರ್ತಿ ಊರಲಿ, ಕೆಳಗೆ ರಬ್ಬರ್ ಮ್ಯಾಟ್. ಒಣ ಟವೆಲನ್ನು ಸುರುಳಿ ಸುತ್ತಿ ಕೊಡಿ, ಅದನ್ನು ಕಣ್ಣಿಗೆ ಒತ್ತಿಕೊಂಡು ಅವನೇ ಮುಂದಕ್ಕೆ ಬಾಗಲಿ. ನೀರು ಹಾಕುವ ಮೊದಲು ಎರಡೂ ಅಂಗೈಯಿಂದ ನೆತ್ತಿ, ಕಿವಿಯ ಮೇಲ್ಭಾಗ, ಕತ್ತಿನ ಬುಡ ಹೀಗೆ ನಿಧಾನವಾಗಿ ಒತ್ತಿ, ಒಂದೊಂದು ಕಡೆ ಹತ್ತು ಎಣಿಸುವಷ್ಟು. ಬೆರಳ ತುದಿಯಿಂದ ಹಗುರಾಗಿ ಸವರುವುದು ಇಂಥ ಮಕ್ಕಳಿಗೆ ಕಚಗುಳಿಗಿಂತ ಕಷ್ಟ. ಇಡೀ ಅಂಗೈಯ ಭಾರ ಮಾತ್ರ ಸಮಾಧಾನ ತರುತ್ತದೆ. ಎಣ್ಣೆ ಹಚ್ಚುವಾಗಲೂ ಇದೇ ನಿಯಮ. ಎಣ್ಣೆಯ ಅಂಟೇ ಆಗದು ಎನ್ನುವ ಮಕ್ಕಳೂ ಇದ್ದಾರೆ, ಅವರಿಗೆ ಎಣ್ಣೆ ಕಡ್ಡಾಯವಲ್ಲ.

ನೀರನ್ನು ಮಗು ಬರುವ ಮೊದಲೇ ಬೆರೆಸಿಡಿ, 37–38 ಡಿಗ್ರಿ. ದೊಡ್ಡವರಿಗೆ 'ಚೂರು ತಣ್ಣಗಾಯಿತು' ಅನಿಸುವ ಹದ ಅದು. ನಲ್ಲಿ ಬಂದ್, ಎಕ್ಸಾಸ್ಟ್ ಬಂದ್. ಪಾದದಿಂದ ಶುರು ಮಾಡಿ ಮೊಣಕಾಲು, ಬೆನ್ನು, ಹೆಗಲು, ಕೊನೆಗೆ ತಲೆ. ಮಗ್ಗಿನಿಂದ ಎತ್ತರದಿಂದ ಸುರಿಯಬೇಡಿ. ಚೊಂಬಿನ ಬಾಯಿ ತಲೆಗೆ ತಾಗಿಸಿ ಜಾರಿಸಿ. ತಲೆಗೆ ಎಷ್ಟು ಚೊಂಬು ಎಂದು ಮೊದಲೇ ಹೇಳಿ, ಐದು ಎಂದರೆ ಐದು. ಅವನೇ ಎಣಿಸಲಿ. ನೊರೆ ಉಳಿದಿದೆಯೆಂದು ಆರನೆಯದು ಹಾಕಿದಿರೋ, ಮುಂದಿನ ಸಲ ಲೆಕ್ಕಕ್ಕೆ ಬೆಲೆಯೇ ಇಲ್ಲ. ಅದಕ್ಕೆ ಶಾಂಪೂ ಒಂದು ರೂಪಾಯಿ ನಾಣ್ಯದಷ್ಟೇ ತೆಗೆದುಕೊಂಡು ಅರ್ಧ ಲೋಟ ನೀರಲ್ಲಿ ಕಲಸಿಡಿ, ಬೇಗ ತೊಳೆದುಹೋಗುತ್ತದೆ. ಸೀಗೆಪುಡಿಯ ತರಿ ಮತ್ತು ಕಣ್ಣುರಿ ಎರಡೂ ಈ ಮಕ್ಕಳಿಗೆ ದುಬಾರಿ, ಸದ್ಯ ಬೇಡ. ಮುಗಿದ ಮೇಲೆ ಟವೆಲಿನಿಂದ ಉಜ್ಜಬೇಡಿ. ಬಿಗಿಯಾಗಿ ಸುತ್ತಿ ಒತ್ತಿ.

ಉಗುರು: ಸ್ನಾನವಾದ ಹತ್ತು ನಿಮಿಷದೊಳಗೆ, ಮೆತ್ತಗಿರುವಾಗ. ಕತ್ತರಿಸುವ ಮೊದಲು ಆ ಬೆರಳ ತುದಿಯನ್ನು ಎರಡೂ ಬದಿಯಿಂದ ಐದು ಎಣಿಸುವಷ್ಟು ಹಿಂಡಿ ಹಿಡಿಯಿರಿ. ಮಗು ನಿಮ್ಮ ಮಡಿಲಲ್ಲಿ ಬೆನ್ನು ಕೊಟ್ಟು ಕುಳಿತಿರಲಿ, ನಿಮ್ಮ ಕೈ ಅವನ ಕೈಯ ದಿಕ್ಕಿನಲ್ಲೇ ಬರುತ್ತದೆ. ದಿನಕ್ಕೆ ಒಂದೇ ಕೈ. ಕ್ಲಿಪ್ಪರಿನ 'ಟಕ್' ಸದ್ದೇ ತೊಂದರೆಯಾದರೆ ಸಣ್ಣ ಮಕ್ಕಳ ಕತ್ತರಿ ಅಥವಾ ಅರ. ಇಬ್ಬರು ಹಿಡಿದುಕೊಳ್ಳುವುದನ್ನು ಇವತ್ತಿಗೇ ನಿಲ್ಲಿಸಿ. ಹಿಡಿದಷ್ಟೂ ಮುಂದಿನ ಸಲದ ಹೋರಾಟ ಬೇಗ ಶುರುವಾಗುತ್ತದೆ, ಕೊನೆಗೆ ಕ್ಲಿಪ್ಪರ್ ಕಂಡರೇ ಓಟ. ಒಂದು ವಾರ ಉಗುರು ಉದ್ದ ಇದ್ದರೆ ಏನೂ ಆಗದು.

ಧುಮುಕುವುದು, ಸುತ್ತುವುದು ತಡೆಯುವ ವಿಷಯವಲ್ಲ, ಬಳಸಿಕೊಳ್ಳುವ ವಿಷಯ. ಸ್ನಾಯು ಮತ್ತು ಕೀಲಿಗೆ ಭಾರ ಬೀಳುವ ಕೆಲಸ ಈ ಮಕ್ಕಳನ್ನು ಹದಕ್ಕೆ ತರುತ್ತದೆ. ತಲೆಸ್ನಾನ, ಊಟ, ಹೋಂವರ್ಕಿಗೆ ಮೊದಲು ಹತ್ತು ಹದಿನೈದು ನಿಮಿಷ ಅಂಥದ್ದೇನಾದರೂ ಇರಲಿ. ಚಪಾತಿ ಹಿಟ್ಟು ನಾದುವುದು, ಒದ್ದೆ ಬಟ್ಟೆ ಹಿಂಡುವುದು, ಒಗೆದ ಬಟ್ಟೆ ತುಂಬಿದ ಬುಟ್ಟಿ ನೆಲದ ಮೇಲೆ ತಳ್ಳುವುದು, ಗೋಡೆಗೆ ಅಂಗೈ ಊರಿ ಹತ್ತು ಎಣಿಸುವವರೆಗೆ ತಳ್ಳುವುದು, ನಿಮ್ಮೊಡನೆ ಬೆಡ್‌ಶೀಟಿನ ಎರಡು ತುದಿ ಹಿಡಿದು ಎಳೆದಾಡುವುದು. 17 ಕಿಲೋ ಮಗುವಿಗೆ ಹೊರಲು ಒಂದೂವರೆ ಕಿಲೋ ಸಾಕು, ಒಂದು ಲೀಟರಿನ ಬಾಟಲಿ, ಎರಡು ಪುಸ್ತಕ. ಜಮಖಾನದಲ್ಲಿ ಸುರುಳಿ ಸುತ್ತುವ ಆಟವನ್ನೂ ಮಕ್ಕಳು ಇಷ್ಟಪಡುತ್ತಾರೆ. ತಲೆ ಮತ್ತು ಕತ್ತು ಹೊರಗೇ ಇರಬೇಕು, 'ಬಿಡು' ಎಂದ ಕ್ಷಣ ಬಿಡಿಸಬೇಕು.

ಗಿರಗಿರ ಸುತ್ತುವುದು ಮಾತ್ರ ಬೇರೆ ಜಾತಿ. ಅದು ಎಚ್ಚರಗೊಳಿಸುತ್ತದೆ, ಶಾಂತಗೊಳಿಸುವುದಿಲ್ಲ, ಪರಿಣಾಮ ಗಂಟೆಗಟ್ಟಲೆ ಉಳಿಯಬಹುದು. ಸಂಜೆ ಏಳರ ಮೇಲೆ ಬೇಡ. ಅವನೇ ಸುತ್ತಲಿ, ನೀವು ಸುತ್ತಿಸಬೇಡಿ. ಹತ್ತು ಸುತ್ತಿಗೆ ನಿಲ್ಲಿಸಿ ಭಾರದ ಕೆಲಸ ಕೊಡಿ. ಮುಖ ಬಿಳಚಿದರೆ, ಬೆವರು, ಬಿಕ್ಕಳಿಕೆ, ಸುಮ್ಮಸುಮ್ಮನೆ ಆಕಳಿಕೆ ಬಂದರೆ ಅಲ್ಲಿಗೇ ಮುಗಿಸಿ. ಫಿಟ್ಸ್ ಇರುವ ಮಗುವಾದರೆ ಡಾಕ್ಟರನ್ನು ಕೇಳದೆ ಸುತ್ತುವ ಆಟ ಬೇಡವೇ ಬೇಡ.

---

ಕಬ್ಬಿಣದಂಗಡಿ_ಹುಬ್ಬಳ್ಳಿ ಉತ್ತರ:

ಫ್ಯಾನಿನ ಕೊಂಡಿಗೆ ಜೋಕಾಲಿ ಬ್ಯಾಡ್ರಿ. ಅದು ನಾಲ್ಕೈದು ಕಿಲೋ ಫ್ಯಾನ್ ಸುಮ್ನ ತೂಗಾಡೋಕ ಇಟ್ಟಿದ್ದು. ಮಗು ಜೀಕುವಾಗ ಕೊಂಡಿಗೆ ಬೀಳೋ ಜಗ್ಗು ಮೈತೂಕದ ಎರಡು ಮೂರು ಪಟ್ಟು, ಮ್ಯಾಲೆ ಹಾರಿ ಕುಂತರ ಇನ್ನೂ ಜಾಸ್ತಿ. ಹಳೇ ಮನಿಯಾಗ ಕೊಂಡಿ ಒಳಗಿಂದ ತುಕ್ಕು ಹಿಡಿದಿರ್ತದ, ಹೊರಗ ಬಣ್ಣ ಬಳಿದಿರ್ತಾರ, ಗೊತ್ತಾಗಂಗಿಲ್ಲ.

ಆರ್‌ಸಿಸಿ ಮನಿ ಇದ್ರ ತೊಲೆ, ಅಂದ್ರ ಬೀಮ್, ಮೊದಲ ಆಯ್ಕೆ. ಸ್ಲ್ಯಾಬಿಗೇ ಹಾಕಬೇಕಂದ್ರ ಸ್ಲ್ಯಾಬ್ ಸಾಮಾನ್ಯ ನಾಲ್ಕರಿಂದ ಐದು ಇಂಚು ಇರ್ತದ, 10 ಎಂಎಂ ಐ-ಬೋಲ್ಟ್ (ತುದಿಗೆ ಬಳೆ ಇರೋ ಬೋಲ್ಟ್) ಇರೋ ಆಂಕರ್ ಫಾಸ್ಟನರ್ (ತೂತಿನೊಳಗ ಅರಳಿ ಕಚ್ಚಿ ಹಿಡಿಯೋದು), ಕಾಂಕ್ರೀಟಿನೊಳಗ 60–70 ಎಂಎಂ ಹೋಗಬೇಕು. ಗಿಲಾವು ಲೆಕ್ಕಕ್ಕ ಹಿಡೀಬ್ಯಾಡ್ರಿ, ಅದು ಹತ್ತು ಹನ್ನೆರಡು ಎಂಎಂ ಇರ್ತದ, ಭಾರ ಹೊರಂಗಿಲ್ಲ. ಭಾಳ ಮಂದಿ ತಪ್ಪೋದು ಇಲ್ಲೇ. ಸ್ವಿಚ್‌ಬೋರ್ಡಿಂದ ಫ್ಯಾನ್ ಪಾಯಿಂಟಿಗೆ ವೈರಿಂಗ್ ಪೈಪು ಸ್ಲ್ಯಾಬಿನೊಳಗ ಹೋಗಿರ್ತದ, ಆ ಗೆರೆ ಬಿಟ್ಟು ತೂತು ಹೊಡೀರಿ. ಫಾಲ್ಸ್ ಸೀಲಿಂಗ್, ಹಂಚಿನ ಮನಿಯ ರೀಪು, ಬಾಗಿಲ ಚೌಕಟ್ಟಿಗೆ ತಿರುವಿ ಕೂರಿಸೋ ರಾಡು, ಯಾವುದೂ ಬ್ಯಾಡ.

ಕೊಂಡಿ ಒಂದಾ ಎರಡಾ? ಮ್ಯಾಲೆ ಓಟಿ ಮೇಡಂ ಹೇಳಿದ್ದು ನೋಡಿದ್ರ ಎರಡು, ನಡುವ 60–75 ಸೆಂ.ಮೀ. ಆಗ ಮುಂದ ಹಿಂದ ಮಾತ್ರ ಆಡ್ತದ. ಒಂದೇ ಕೊಂಡಿ ಅಂದ್ರ ಗಿರಗಿರ ಶುರುವಾತು. ಕೂಡಿಸಾಕ ಸ್ಕ್ರೂ ಲಾಕ್ ಇರೋ ಉಕ್ಕಿನ ಕ್ಯಾರಬೀನರ್ (ಬಾಯಿ ತೆರೆದು ಮುಚ್ಚೋ ಬಳೆ) ಹಾಕ್ರಿ, ಎಸ್ ಹುಕ್ ಜೀಕುವಾಗ ಕಳಚಿಕೊಳ್ತದ. ಹಗ್ಗ 10–12 ಎಂಎಂ ಪಾಲಿಯೆಸ್ಟರ್ ಇಲ್ಲಾ ನೈಲಾನ್. ಹಳದಿ ಪ್ಲಾಸ್ಟಿಕ್ ಹಗ್ಗದ ಗಂಟು ಜಾರ್ತದ. ಕೂರೋ ಜಾಗ ನೆಲದಿಂದ 35–40 ಸೆಂ.ಮೀ., ಕೆಳಗ ಹಾಸಿಗಿ, ಮುಂದ ಹಿಂದ ಕನಿಷ್ಠ ಒಂದೂವರೆ ಮೀಟರ್ ಖಾಲಿ. ಮಗು ಕೂರೋಕಿಂತ ಮೊದಲು 70 ಕಿಲೋದ ದೊಡ್ಡೋರು ಕುಂತು ಮೆಲ್ಲಕ ಜಿಗಿದು ನೋಡ್ರಿ, ಮರುದಿನ ಬೋಲ್ಟ್ ಸುತ್ತ ಬಿರುಕು ಬಂದದೇನು ಪರೀಕ್ಷೆ ಮಾಡ್ರಿ. ತಿಂಗಳಿಗೊಮ್ಮಿ ಹಗ್ಗ ಉಜ್ಜೋ ಜಾಗ ನೋಡೂದು ಬಿಡಬ್ಯಾಡ್ರಿ.

ಹಳೇ ಸೀರಿ ಜೋಲಿ ಚಂದ ಕಾಣ್ತದ, ಆದ್ರ ಒಗೆದು ಒಗೆದು ಸವೆದ ಹತ್ತಿ ಒಮ್ಮಿಂದೊಮ್ಮೆಲೆ ಹರೀತದ. ಆಟ ಮುಗಿದ ಮ್ಯಾಲೆ ಬಿಚ್ಚಿ ಎತ್ತಿಡ್ರಿ, ತೂಗಾಡೋ ಬಟ್ಟಿ ಕುತ್ತಿಗಿಗೆ ಸುತ್ತಿಕೊಂಡರ ಕಷ್ಟ. ಬಾಡಿಗಿ ಮನಿ ಇದ್ರ ತೂತೇ ಬ್ಯಾಡ, ಇಬ್ಬರು ದೊಡ್ಡೋರು ಗಟ್ಟಿ ಜಮಖಾನದ ತುದಿ ಹಿಡಕೊಂಡು ಒಳಗ ಕೂಡಿಸಿ ತೂಗಿದ್ರ ಆತು. ಖರ್ಚಿಲ್ಲ, ತೋಳಿಗೆ ವ್ಯಾಯಾಮ.

---

ಸಾರು_ಅನ್ನ ಉತ್ತರ:

ಊಟದ ಭಾಗ ಮಾತ್ರ ಬರೆಯುತ್ತೇನೆ (ಸ್ಪೀಚ್ ಥೆರಪಿ ಮತ್ತು ಫೀಡಿಂಗ್ ನನ್ನ ಕೆಲಸ).

ಸಾಸಿವೆ ಖಾರ ಎಂದಲ್ಲ. ಮೆತ್ತಗಿನದರ ನಡುವೆ ಗಟ್ಟಿ ಕಾಳು ಅನಿರೀಕ್ಷಿತವಾಗಿ ಸಿಗುವುದು ಬಾಯಿಗೆ ತುಂಬ ಕಠಿಣ. ನಮ್ಮ ಅಡುಗೆಯಲ್ಲಿ ಇದು ಹೆಜ್ಜೆಹೆಜ್ಜೆಗೂ ಇದೆ: ಚಿತ್ರಾನ್ನದ ಕಡಲೆಬೇಳೆ, ಉಪ್ಪಿಟ್ಟಿನ ಮೆಣಸಿನಕಾಯಿ, ಸಾರಿನ ಕರಿಬೇವು. ಸಾರನ್ನವಂತೂ ಎರಡು ಹಂತದ ಕೆಲಸ, ನೀರನ್ನು ನುಂಗಬೇಕು, ಅನ್ನವನ್ನು ಅಗಿಯಬೇಕು, ಎರಡೂ ಒಂದೇ ಬಾಯಿಯಲ್ಲಿ. ಹಾಗಾಗಿ ಒಗ್ಗರಣೆಯನ್ನು ಬೇರೆ ಬಟ್ಟಲಲ್ಲಿ ಇಡಿ, ಸಾರನ್ನು ಸೋಸಿ ಕೊಡಿ. ಅದು ಮುದ್ದು ಮಾಡಿದ ಹಾಗಲ್ಲ.

ಮುಂದಿನ ಹೆಜ್ಜೆಗೆ ಒಂದು ಸಲಕ್ಕೆ ಒಂದೇ ಗುಣ ಬದಲಿಸಬೇಕು. ಮೊಸರನ್ನಕ್ಕೆ ಮೊದಲು ಒಗ್ಗರಣೆಯ ಎಣ್ಣೆ ಮಾತ್ರ ಅರ್ಧ ಚಮಚ, ಕಾಳು ಸೋಸಿ. ವಾಸನೆ ಒಪ್ಪಿದ ಮೇಲೆ ಇಂಗು. ಆಮೇಲೆ ಪಕ್ಕದ ಸಣ್ಣ ತಟ್ಟೆಯಲ್ಲಿ ಎರಡು ಸಾಸಿವೆ, ತಿನ್ನಬೇಕೆಂದಿಲ್ಲ, ಬೆರಳಲ್ಲಿ ಒಡೆದು ನೋಡಲಿ, ಮೂಸಲಿ, ನಾಲಿಗೆಗೆ ಮುಟ್ಟಿಸಿ ಉಗಿಯಲಿ. ಉಗಿಯಲು ಒಂದು ಪೇಪರ್ ಕರವಸ್ತ್ರ ಪಕ್ಕದಲ್ಲೇ ಇರಲಿ. ಉಗಿಯಬಹುದು ಎಂದು ಗೊತ್ತಿರುವ ಮಗು ಧೈರ್ಯವಾಗಿ ಬಾಯಿಗೆ ಹಾಕುತ್ತದೆ. ಮೊಸರನ್ನದೊಳಗೆ ಕ್ಯಾರೆಟ್ ಅರೆದು ಬಚ್ಚಿಡಬೇಡಿ. ಸಿಕ್ಕಿಬಿದ್ದ ದಿನ ಮೊಸರನ್ನವೂ ಪಟ್ಟಿಯಿಂದ ಹೋಗುತ್ತದೆ, ಮತ್ತೆ ತರುವುದು ತಿಂಗಳುಗಳ ಕೆಲಸ.

ಮುದ್ದೆ ತಿನ್ನುವ ಮನೆಯಾದರೆ ಒಂದು ಎಚ್ಚರಿಕೆ. ಮುದ್ದೆಯನ್ನು ಅಗಿಯದೆ ನುಂಗುವುದರಿಂದ 'ಚೆನ್ನಾಗಿ ಊಟ ಮಾಡುತ್ತಾನೆ' ಅನಿಸುತ್ತದೆ, ಅಗಿಯಲು ಬಾರದ ತೊಂದರೆ ಅದರ ಹಿಂದೆ ಅಡಗಿರಬಹುದು. ಚಪಾತಿ ಚೂರನ್ನು ದವಡೆ ಹಲ್ಲಿಗೆ ತಳ್ಳಿ ಅಗಿಯುತ್ತಾನೋ, ನಾಲಿಗೆಯಲ್ಲೇ ಹಿಸುಕುತ್ತಾನೋ ನೋಡಿ. ಹಿಸುಕುವುದಾದರೆ ತೊಂದರೆ ಸೆನ್ಸರಿಯದು ಮಾತ್ರವಲ್ಲ, ತೋರಿಸಬೇಕು. ಅಂಗಿ ಕಾಲರ್ ಕಚ್ಚುವ ಅಭ್ಯಾಸ ಇದ್ದರೆ ಹಪ್ಪಳ, ಚಕ್ಕುಲಿ, ಕೋಡುಬಳೆಯಂಥ ಕರುಕುರು ತಿಂಡಿ ಶಾಲೆಯಿಂದ ಬಂದ ಕೂಡಲೇ ಕೊಡಿ. ಇಡಿ ಶೇಂಗಾ ಬೇಡ, ಉಸಿರುಗಟ್ಟುವ ಅಪಾಯ.

ತಿನ್ನುವ ಪದಾರ್ಥಗಳನ್ನು ಬರೆದು ನೋಡಿ. ಒಟ್ಟು ಇಪ್ಪತ್ತಕ್ಕಿಂತ ಕಡಿಮೆ ಇದ್ದರೆ, ಅಥವಾ ಇದ್ದದ್ದೂ ಒಂದೊಂದಾಗಿ ಬಿಟ್ಟುಹೋಗುತ್ತಿದ್ದರೆ ಮನೆಮದ್ದು ಸಾಕಾಗದು. ಹಿಮೋಗ್ಲೋಬಿನ್, ಮಲಬದ್ಧತೆ, ಹಲ್ಲು ಮೂರನ್ನೂ ನೋಡಿಸಿ. ಮಣ್ಣು, ಸುಣ್ಣ ತಿನ್ನುತ್ತಿದ್ದರೆ ಕಬ್ಬಿಣದ ಅಂಶದ ಪರೀಕ್ಷೆ ಮೊದಲು.

---

ಎರಡನೇ_ಅಭಿಪ್ರಾಯ ಉತ್ತರ:

ಕಿಟ್ ಕೊಳ್ಳಬೇಡಿ.

ಬ್ರಷ್ ವಿಷಯ: ಮೃದು ಪ್ಲಾಸ್ಟಿಕ್ ಬ್ರಷ್ಷಿನಿಂದ ಎರಡು ಗಂಟೆಗೊಮ್ಮೆ ಮೈ ಒತ್ತಿ ಉಜ್ಜುವ ವಿಧಾನ ಅಮೆರಿಕದ ಓ.ಟಿ. ಥೆರಪಿಸ್ಟರಿಂದ ಬಂದದ್ದು. ಕಲಿತ ಥೆರಪಿಸ್ಟ್ ಎದುರು ನಿಂತು ತೋರಿಸದೆ ಮಾಡುವಂಥದ್ದಲ್ಲ, ಕೆಲಸ ಮಾಡುತ್ತದೆ ಎನ್ನಲು ಗಟ್ಟಿ ಪುರಾವೆಯೂ ಇಲ್ಲ. ಭಾರದ ಹೊದಿಕೆ: 2014ರಲ್ಲಿ 'ಪೀಡಿಯಾಟ್ರಿಕ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ ಆಟಿಸಂ ಇರುವ ಮಕ್ಕಳ ನಿದ್ರೆಯ ಅವಧಿ ಅದರಿಂದ ಹೆಚ್ಚಲಿಲ್ಲ. ಮಕ್ಕಳಿಗೂ ಪೋಷಕರಿಗೂ ಹೊದಿಕೆ ಇಷ್ಟವಾಯಿತು, ಅಷ್ಟೆ. ಐದು ವರ್ಷದ ಮಗು ತಾನೇ ಸರಿಸಿ ಹೊರಬರಲಾಗದಷ್ಟು ಭಾರ ಇದ್ದರೆ ಅಪಾಯವೇ. ಬೆಂಗಳೂರಿನ ಕಡೆಯ ಸೆಕೆಯಲ್ಲೇ ಕಷ್ಟ, ಕರಾವಳಿ, ಬಳ್ಳಾರಿ ಕಡೆ ಕೇಳಲೇಬೇಡಿ.

ಇನ್ನೊಂದು ಮಾತು ಈ ಗುಂಪಿನಲ್ಲಿ ಯಾರೂ ಹೇಳುವುದಿಲ್ಲ. ಇಂಥ ಥೆರಪಿಯ ಹಿಂದಿರುವ ಸೆನ್ಸರಿ ಇಂಟಿಗ್ರೇಷನ್ ಎಂಬ ಚೌಕಟ್ಟನ್ನು ಕಟ್ಟಿದವರು ಕ್ಯಾಲಿಫೋರ್ನಿಯಾದ ಓ.ಟಿ. ಥೆರಪಿಸ್ಟ್ ಜೀನ್ ಏರ್ಸ್. ಆದರೆ 'ಸೆನ್ಸರಿ ಪ್ರಾಸೆಸಿಂಗ್ ಡಿಸಾರ್ಡರ್' ಎಂಬ ಪ್ರತ್ಯೇಕ ಕಾಯಿಲೆ 2013ರ ಡಿಎಸ್ಎಂ-5ರಲ್ಲಿ (ಅಮೆರಿಕದ ಮನೋವೈದ್ಯರ ಸಂಘದ ರೋಗಪಟ್ಟಿ) ಇಲ್ಲ, ಸೆನ್ಸರಿ ಲಕ್ಷಣಗಳು ಅಲ್ಲಿ ಆಟಿಸಂ ಮಾನದಂಡದೊಳಗೆ ಸೇರಿವೆ. ಅಮೆರಿಕದ ಮಕ್ಕಳ ವೈದ್ಯರ ಸಂಘ 2012ರಲ್ಲೇ ಇದನ್ನು ಸ್ವತಂತ್ರ ರೋಗನಿರ್ಣಯವಾಗಿ ಬರೆಯಬೇಡಿ, ಇಂಥ ಥೆರಪಿ ಕೊಡಿಸಿದರೆ ಗುರಿ ಇಟ್ಟುಕೊಂಡು ಫಲ ಅಳೆಯಿರಿ ಎಂದಿತು. ತೊಂದರೆ ಸುಳ್ಳು ಎಂದಲ್ಲ ಇದರ ಅರ್ಥ. 'ಅರವತ್ತು ಸೆಷನ್ ಪ್ಯಾಕೇಜ್' ಎನ್ನುವವರಿಗೆ ಮುಂಗಡ ಕೊಡುವ ಮೊದಲು ಕೇಳಿ: ಎರಡು ತಿಂಗಳಲ್ಲಿ ಮನೆಯ ಯಾವ ಕೆಲಸ ಸುಲಭವಾಗಬೇಕು, ಅದನ್ನು ಹೇಗೆ ನೋಡುತ್ತೀರಿ? ತಲೆಸ್ನಾನಕ್ಕೆ ಇಪ್ಪತ್ತು ನಿಮಿಷ ಅಳುತ್ತಿದ್ದವನು ಐದಕ್ಕೆ ಬಂದನೇ ಎಂಬಂಥ ಉತ್ತರ ಬೇಕು.

ಈಗ ಆಟಿಸಂ ಅಲ್ಲ ಎಂದಿದ್ದರೂ ಏಳು ವರ್ಷದ ಹೊತ್ತಿಗೆ ಇನ್ನೊಮ್ಮೆ ತೋರಿಸಿ. ಗೆಳೆತನ, ಗಮನ, ಬರವಣಿಗೆಯ ತೊಂದರೆ ಕೆಲವು ಮಕ್ಕಳಲ್ಲಿ ಒಂದನೇ ಎರಡನೇ ತರಗತಿಯಲ್ಲಿ ಕಾಣುತ್ತದೆ. ಕಲಿತ ಮಾತು ಬಿಟ್ಟುಹೋದರೆ, ಗರಬಡಿದಂತೆ ನೋಡುತ್ತ ನಿಂತರೆ, ತಲೆ ಚಚ್ಚಿಕೊಂಡರೆ, ಇದ್ದಕ್ಕಿದ್ದಂತೆ ಸದ್ದಿಗೆ ಹೆದರಲು ಶುರುವಾದರೆ ಕಾಯಬೇಡಿ. ಜಿಲ್ಲಾ ಆಸ್ಪತ್ರೆಯ ಡಿಇಐಸಿ, ಅಂದರೆ ಆರ್‌ಬಿಎಸ್‌ಕೆ ಎಂಬ ಸರ್ಕಾರಿ ಮಕ್ಕಳ ಆರೋಗ್ಯ ಯೋಜನೆಯ ಕೇಂದ್ರ, 18 ವರ್ಷದವರೆಗೆ ಉಚಿತ. ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಮಕ್ಕಳ ವಿಭಾಗ ಗೊತ್ತೇ ಇದೆ. ಥೆರಪಿ ಖರ್ಚಿಗೆ 'ನಿರಾಮಯ' ವಿಮೆ ಇದೆ, ವರ್ಷಕ್ಕೆ ಒಂದು ಲಕ್ಷದವರೆಗೆ. ಆದರೆ ಅದು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ, ಬಹುವೈಕಲ್ಯ ಪ್ರಮಾಣಪತ್ರ ಇದ್ದವರಿಗೆ ಮಾತ್ರ. ಸೆನ್ಸರಿ ತೊಂದರೆ ಎಂಬ ಚೀಟಿಗೆ ಸಿಗುವುದಿಲ್ಲ, ಏಜೆಂಟರ ಮಾತಿಗೆ ದುಡ್ಡು ಕಳೆದುಕೊಳ್ಳಬೇಡಿ.

---

ಹಿತ್ತಲ_ಮಲ್ಲಿಗೆ:

ಎಲ್ಲರಿಗೂ ವಂದನೆ. ಎರಡು ಪ್ರಶ್ನೆ. ಐದು ಚೊಂಬು ಮುಗಿದು ನೊರೆ ಉಳಿದರೆ ಏನು ಮಾಡುವುದು? ಕುಕ್ಕರ್, ಮಿಕ್ಸಿಗೆ ಕಿವಿಗೆ ಹಾಕುವ ಇಯರ್‌ಮಫ್ ಕೊಡಿಸಲೆ? ಮನೆಯಲ್ಲಿ ಹಿರಿಯರು 'ಸದ್ದು ರೂಢಿಯಾಗಲಿ, ಪಕ್ಕದಲ್ಲೇ ನಿಲ್ಲಿಸಿಕೋ' ಎನ್ನುತ್ತಾರೆ.

---

ಓಟಿ_ಸುಮ್ಮನೆ:

ನೊರೆ ಉಳಿದರೆ ಒದ್ದೆ ಬಟ್ಟೆಯನ್ನು ಬಿಗಿಯಾಗಿ ಹಿಂಡಿ, ತಲೆ ಮೇಲಿಟ್ಟು ಒತ್ತಿ ಎಳೆಯಿರಿ. ಎರಡು ಮೂರು ಸಲ ಬಟ್ಟೆ ಬದಲಿಸಿದರೆ ಮುಗಿಯಿತು. ಮುಂದಿನ ವಾರ ಏಳು ಚೊಂಬು ಎಂದು ಮೊದಲೇ ಹೇಳಿ ಶುರು ಮಾಡಬಹುದು. ನಡುವೆ ಏರಿಸಬಾರದು ಅಷ್ಟೆ.

ಪಕ್ಕದಲ್ಲಿ ನಿಲ್ಲಿಸಿಕೊಂಡರೆ ರೂಢಿಯಾಗುವುದಿಲ್ಲ, ಅಡುಗೆಮನೆಯೇ ಹೆದರಿಕೆಯ ಜಾಗವಾಗುತ್ತದೆ. ಹಿರಿಯರ ಮಾತಿನಲ್ಲಿ ಅರ್ಧ ಸತ್ಯ ಇದೆ. ರೂಢಿ ಬೇಕು, ಆದರೆ ಸದ್ದು ಮಗುವಿನ ಕೈಯಲ್ಲಿರಬೇಕು. ಮಿಕ್ಸಿ ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಅತಿ ಸಣ್ಣ ದನಿಯಲ್ಲಿ ಅವನೇ ಹಾಕಿ ನಿಲ್ಲಿಸಲಿ. ಮೂರು ದಿನ ನಿರಾಳವಾಗಿದ್ದರೆ ಒಂದು ಗೆರೆ ಏರಿಸಿ. ಆಮೇಲೆ ನಿಜವಾದ ಮಿಕ್ಸಿ, ಅವನು ಬಾಗಿಲ ಆಚೆ ನಿಂತು 'ಒಂದು ಎರಡು ಮೂರು' ಎಂದಾಗ ನೀವು ಎರಡು ಸೆಕೆಂಡ್ ಹಾಕಿ ನಿಲ್ಲಿಸಿ. ಕೊನೆಗೆ ಗುಂಡಿ ಅವನೇ ತಿರುಗಿಸಲಿ, ನಿಮ್ಮ ಕೈ ಮೇಲಿರಲಿ.

ಜೊತೆಗೆ ಸದ್ದನ್ನೇ ಕಡಿಮೆ ಮಾಡಿ. ಮಿಕ್ಸಿಯ ನಾಲ್ಕು ಕಾಲಿನಡಿ ರಬ್ಬರ್ ತುಂಡು ಇಟ್ಟರೆ ಕಲ್ಲಿನ ಕಟ್ಟೆಯ ನಡುಕ ಇಳಿಯುತ್ತದೆ. ಮಡಚಿದ ಟವೆಲ್ ಇಡಬೇಡಿ, ತಳದ ಗಾಳಿ ತೂತು ಮುಚ್ಚಿ ಮೋಟರ್ ಸುಡುತ್ತದೆ. ಕುಕ್ಕರಿನಲ್ಲಿ ಹಬೆ ತುಂಬಿ ವೆಯ್ಟ್ ಅಲುಗಲು ಶುರುವಾದ ಕೂಡಲೇ ಉರಿ ಪೂರ್ತಿ ಸಣ್ಣ ಮಾಡಿ, ಸೀಟಿ ಎಣಿಸುವ ಬದಲು ನಿಮಿಷ ನೋಡಿ ಬೇಯಿಸಿ. ಸೀಟಿ ಬರುವುದೇ ಅಪರೂಪ, ಗ್ಯಾಸೂ ಉಳಿಯುತ್ತದೆ. ಸದ್ದು ತಡೆಯಲು ವೆಯ್ಟ್ ಮೇಲೆ ಬಟ್ಟೆ ಹೊದಿಸುವುದು, ಒತ್ತಿ ಹಿಡಿಯುವುದು ಮಾತ್ರ ಎಂದಿಗೂ ಬೇಡ. ಆರಿಸಿದ ಮೇಲೆ ವೆಯ್ಟ್ ಎತ್ತಿ 'ಸುಯ್' ಅನಿಸಬೇಡಿ, ತಾನೇ ಇಳಿಯಲಿ.

ಇಯರ್‌ಮಫ್ ಕೊಡಿಸಿ, ಮಕ್ಕಳ ಅಳತೆಯದು. ದೀಪಾವಳಿ ಪಟಾಕಿ, ಮದುವೆ ಮನೆಯ ಬ್ಯಾಂಡು, ಜಾತ್ರೆಗೆ ಅದು ಇರಲಿ. ಮನೆಯಲ್ಲಿ ದಿನವಿಡೀ ಹಾಕಿಕೊಳ್ಳಲು ಬಿಡಬೇಡಿ, ಕಿವಿ ಮೌನಕ್ಕೆ ಒಗ್ಗಿಹೋಗಿ ಸಾಧಾರಣ ಮಾತೂ ಜೋರೆನಿಸುತ್ತದೆ. ಹಾಕಿದ ಹತ್ತು ನಿಮಿಷಕ್ಕೆ ತೆಗೆದು ಕಿವಿಯ ಹಿಂಭಾಗ ನೋಡಿ, ಕೆಂಪು ಗೆರೆ ಮೂಡಿದ್ದರೆ ಪಟ್ಟಿ ಬಿಗಿಯಾಗಿದೆ ಎಂದರ್ಥ. ಒತ್ತುವುದು ತಡೆಯದೆ ಕಿತ್ತೆಸೆದರೆ 'ಇವನಿಗೆ ಇದೂ ಆಗದು' ಎಂದು ಬಿಟ್ಟುಬಿಡಬೇಡಿ, ಎರಡು ರಾತ್ರಿ ದಪ್ಪ ಪುಸ್ತಕಗಳ ಸಾಲಿಗೆ ಅಗಲಿಸಿ ಸಿಕ್ಕಿಸಿಟ್ಟರೆ ಸಡಿಲಾಗುತ್ತದೆ.